ಎರಡು ಪ್ರಸ್ತಾಪಗಳ ನಡುವೆ ಒಂದು ಬಾಳು

ಬಿ.ಎ. ತರಗತಿಗೆ ಅಮೆರಿಕದ ಸಣ್ಣ ಕಥೆಗಳನ್ನು ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದ ವರ್ಷ, ಪಠ್ಯದಲ್ಲಿ ಇಲ್ಲದ ಒಂದು ಕಥೆಯನ್ನು ನಾನಾಗಿಯೇ ಆರಿಸಿಕೊಂಡು ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ಕಥೆಯ ಹೆಸರು 'ಎರಡು ಪ್ರಸ್ತಾಪಗಳು'. ಅದು ಅಚ್ಚಾದದ್ದು 1859ರಲ್ಲಿ. ಬರೆದವಳು ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್. ಮದುವೆಯಾದ ಮೇಲೆ ಫ್ರಾನ್ಸಿಸ್ ಹಾರ್ಪರ್ ಎಂದು ಹೆಸರಾದವಳು. ಅಮೆರಿಕದ ಕಪ್ಪು ಜನಾಂಗದ ಹೆಣ್ಣೊಬ್ಬಳು ಪ್ರಕಟಿಸಿದ ಮೊದಲನೆಯ ಸಣ್ಣ ಕಥೆಯೆಂದು ಸಾಹಿತ್ಯಚರಿತ್ರಕಾರರು ಅದನ್ನು ಗುರುತಿಸುತ್ತಾರೆ. ಇಷ್ಟನ್ನು ಪೀಠಿಕೆಯಾಗಿ ಹೇಳಿ ಓದತೊಡಗಿದೆ. ಓದಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಕಥೆಯಲ್ಲಿ ಬರುವ ಇಬ್ಬರು ಹೆಂಗಸರು ಕಪ್ಪು ಜನವೋ ಬಿಳಿಯರೋ ಎಂದು ಕೇಳಿದಳು. ನಾನು ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ ನೋಡಿದೆ. ಆ ಮಾತು ಎಲ್ಲಿಯೂ ಇರಲಿಲ್ಲ. ಗಂಟೆ ಬಾರಿಸಿತು, ಉತ್ತರ ಹೇಳದೆಯೇ ನಾನು ಹೊರಗೆ ಬಂದೆ.

ನಿಜ ಹೇಳಬೇಕೆಂದರೆ, ಆ ದಿನ ನನ್ನ ಮನಸ್ಸಿನಲ್ಲಿ ಒಂದು ಉತ್ತರ ಇದ್ದೇ ಇತ್ತು. ಈ ಲೇಖಕಿ ಅಂಜಿದಳು ಎಂದು ನಾನು ಭಾವಿಸಿದ್ದೆ. ನಲವತ್ತು ಲಕ್ಷದಷ್ಟು ಜನ ದಾಸ್ಯದಲ್ಲಿ ನರಳುತ್ತಿದ್ದ ದೇಶದಲ್ಲಿ, ಆ ಜನಾಂಗಕ್ಕೇ ಸೇರಿದವಳು, ಆ ಜನಾಂಗದವರೇ ನಡೆಸುತ್ತಿದ್ದ ಪತ್ರಿಕೆಯಲ್ಲಿ, ಮದುವೆಯಾಗಬೇಕೆ ಬೇಡವೆ ಎಂಬ ಕಥೆಯನ್ನು ಬರೆದದ್ದು ನನಗೆ ಸಣ್ಣ ಮಾತಾಗಿ ಕಂಡಿತ್ತು. ಆಕೆಯ ಜೀವನವೃತ್ತಾಂತವನ್ನು ಓದಿದ ಮೇಲೆ, ನನ್ನ ತೀರ್ಪೇ ಸಣ್ಣದಾಗಿತ್ತೆಂದು ತಿಳಿಯಿತು. ಆ ತಿಳಿವಿನ ಹಾದಿಯನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಲಾರಾ ಮತ್ತು ಜೆನೆಟ್ ಇಬ್ಬರೂ ಒಡಹುಟ್ಟಿದವರ ಮಕ್ಕಳು. ಲಾರಾ ಸಿರಿವಂತೆ. ಆಕೆಯ ಕೈಹಿಡಿಯಲು ಇಬ್ಬರು ಮುಂದೆ ಬಂದಿದ್ದಾರೆ. ಯಾರನ್ನು ಒಪ್ಪಬೇಕೆಂದು ತೋಚದೆ ಆಕೆ ಕಾಗದ ಹಿಡಿದು ಕುಳಿತಿದ್ದಾಳೆ. ಹೀಗೆ ತೂಗಿ ನೋಡುವ ಸ್ಥಿತಿ ಬಂದಿದೆಯೆಂದರೆ ಇಬ್ಬರ ಮೇಲೂ ನಿಜವಾದ ಪ್ರೀತಿಯಿಲ್ಲವೆಂದೇ ಅರ್ಥ, ಇಬ್ಬರನ್ನೂ ಬಿಡು ಎಂದು ಜೆನೆಟ್ ಬುದ್ಧಿ ಹೇಳುತ್ತಾಳೆ. ಮದುವೆಯಿಲ್ಲದೆ ಮುದಿಯಾಗುವ ಭಯ ಲಾರಾಳಿಗೆ. ಆಕೆ ಮದುವೆಯಾಗುತ್ತಾಳೆ. ಗಂಡ ರೂಪವಂತ, ಆದರೆ ಒಳಗೆ ಟೊಳ್ಳು. ಕುಡಿತ ಮತ್ತು ಜೂಜಿಗೆ ಬಿದ್ದು ಮನೆಯನ್ನು ಮರೆಯುತ್ತಾನೆ. ಇದ್ದ ಒಂದು ಮಗುವೂ ಸಾಯುತ್ತದೆ. ಕೊನೆಗೆ, ಗಂಡ ಬಂದಾನೆಂದು ಬಾಗಿಲ ಕಡೆಗೆ ಕಣ್ಣು ನೆಟ್ಟುಕೊಂಡೇ ಲಾರಾ ಪ್ರಾಣ ಬಿಡುತ್ತಾಳೆ. ಜೆನೆಟ್ ಬಡತನದಲ್ಲಿ ಬೆಳೆದವಳು. ಆಕೆಯ ತಂದೆ ವ್ಯಾಪಾರದಲ್ಲಿ ಸೋತು ಸತ್ತಾಗ ಸಾಲಗಾರರು ಬಂದು ಇದ್ದುದನ್ನೆಲ್ಲ ಎಳೆದುಕೊಂಡರು, ವಕೀಲರು ತಮ್ಮ ಪಾಲನ್ನು ತೆಗೆದುಕೊಂಡರು, ವಿಧವೆ ತಾಯಿ ಬೀದಿಗೆ ಬಿದ್ದಳು. ಮಗಳು ದುಡಿದು, ಓದಿ, ಬರೆದು ಹೆಸರು ಪಡೆದಳು. ಒಮ್ಮೆ ಪ್ರೀತಿಸಿ ಕಳೆದುಕೊಂಡವಳು ಮತ್ತೆ ಮದುವೆಯ ಗೊಡವೆಗೆ ಹೋಗದೆ, ಬಡವರಿಗೂ ಓಡಿಬಂದ ದಾಸರಿಗೂ ಆಸರೆಯಾಗಿ ಬಾಳಿದಳು. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ಕಥೆಗೆ ಮುಂಚೆ ಆ ಜನಾಂಗದ ಗಂಡಸರು ಬರೆದ ಎರಡು ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಹೋದ ವಿಕ್ಟರ್ ಸೆಜೂರ್ 1837ರಲ್ಲಿ ಫ್ರೆಂಚ್ ಭಾಷೆಯಲ್ಲಿ 'ಮುಲಾಟೊ' ಎಂಬ ಕಥೆಯನ್ನು ಪ್ರಕಟಿಸಿದನು. ಒಡೆಯನ ಬಲಾತ್ಕಾರವನ್ನು ತಳ್ಳಿಹಾಕಿದ ತಪ್ಪಿಗೆ ಜೆಲಿ ಎಂಬ ಹೆಂಗಸಿಗೆ ಮರಣದಂಡನೆಯಾಗುತ್ತದೆ. ಅವಳ ಗಂಡ ಜಾರ್ಜ್ ವರ್ಷಗಳ ನಂತರ ಹಿಂದಿರುಗಿ ಸೇಡು ತೀರಿಸಿಕೊಳ್ಳುತ್ತಾನೆ. ಕೊಂದ ಒಡೆಯ ತನ್ನ ಹೆತ್ತ ತಂದೆಯೆಂದು ಕೊನೆಯ ಗಳಿಗೆಯಲ್ಲಿ ತಿಳಿಯುತ್ತಾನೆ. 1853ರಲ್ಲಿ ಫ್ರೆಡರಿಕ್ ಡಗ್ಲಾಸ್ 'ವೀರ ಗುಲಾಮ' ಎಂಬ ನೀಳ್ಗತೆಯನ್ನು ಬರೆದನು. ನಾಯಕ ಮ್ಯಾಡಿಸನ್ ವಾಷಿಂಗ್ಟನ್ ತಾನು ತಪ್ಪಿಸಿಕೊಂಡ ಮೇಲೂ ಹೆಂಡತಿಯನ್ನು ಕರೆತರಲು ಹಿಂದಕ್ಕೆ ಹೋಗುತ್ತಾನೆ. ಓಡುವಾಗ ಅವಳು ಗುಂಡಿಗೆ ಬಲಿಯಾಗುತ್ತಾಳೆ. ಎರಡೂ ಪ್ರಬಲವಾದ ಕಥೆಗಳು. ಜನಾಂಗದ್ವೇಷದ ಕ್ರೌರ್ಯವನ್ನು ಮುಚ್ಚುಮರೆಯಿಲ್ಲದೆ ತೋರಿಸುವಂಥವು. ಆದರೆ ಎರಡರಲ್ಲಿಯೂ ಹೆಣ್ಣು ಸಾಯುವುದು ಗಂಡಿನ ಕೋಪಕ್ಕೆ ಕಾರಣ ಒದಗಿಸುವುದಕ್ಕಾಗಿ. ಅವಳು ಏನನ್ನು ಬಯಸಿದಳು, ಏನನ್ನು ಯೋಚಿಸಿದಳು ಎಂಬುದು ಕಥೆಗಾರನಿಗೆ ಮುಖ್ಯವಾಗಲಿಲ್ಲ. ಆ ಪ್ರಶ್ನೆಯನ್ನು ಕಥೆಯ ನಡುಮನೆಗೆ ತಂದವಳು ಫ್ರಾನ್ಸಿಸ್.

ಫ್ರಾನ್ಸಿಸ್ ಹುಟ್ಟಿದ್ದು 1825ರ ಸೆಪ್ಟೆಂಬರ್ 24ರಂದು, ಮೇರಿಲ್ಯಾಂಡ್ ಸಂಸ್ಥಾನದ ಬಾಲ್ಟಿಮೋರ್ ನಗರದಲ್ಲಿ. ಮೇರಿಲ್ಯಾಂಡ್ ದಾಸ್ಯಪದ್ಧತಿ ನಡೆಯುತ್ತಿದ್ದ ಸಂಸ್ಥಾನ. ಆದರೆ ಆಕೆಯ ತಂದೆತಾಯಿಗಳು ಸ್ವತಂತ್ರರು. ಮೂರು ವರ್ಷವಾಗುವ ಹೊತ್ತಿಗೆ ಮಗು ಅನಾಥವಾಯಿತು. ಸೋದರ ಬಂಧು ವಿಲಿಯಂ ವಾಟ್ಕಿನ್ಸ್ ಆಕೆಯನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದನು. ಅವನು ಧರ್ಮಬೋಧಕ, ದಾಸ್ಯವಿರೋಧಿ, ಕಪ್ಪು ಮಕ್ಕಳಿಗಾಗಿ ಶಾಲೆಯನ್ನು ನಡೆಸುತ್ತಿದ್ದ ಕಟ್ಟುನಿಟ್ಟಿನ ಗುರು. ಹುಡುಗಿ ಆ ಶಾಲೆಯಲ್ಲಿ ಹದಿಮೂರು ವರ್ಷದವರೆಗೆ ಓದಿದಳು. ಅನಂತರ ಹೊಟ್ಟೆಪಾಡಿಗೆ ಹೊಲಿಗೆಯ ಕೆಲಸ, ಮನೆಗೆಲಸ. ಅದೃಷ್ಟವಶಾತ್ ಕೆಲಸಕ್ಕೆ ಸೇರಿದ್ದು ಪುಸ್ತಕದ ವ್ಯಾಪಾರಿಯ ಮನೆ. ಸೂಜಿ ಕೆಳಗಿಟ್ಟ ಬಿಡುವಿನಲ್ಲಿ ಆಕೆ ಅಲ್ಲಿಯ ಪುಸ್ತಕಗಳನ್ನು ಓದಿದಳು. 1840ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿರುವಾಗ, 'ಕಾಡಿನ ಎಲೆಗಳು' ಎಂಬ ಪುಟ್ಟ ಕವನಸಂಕಲನವನ್ನು ಅಚ್ಚು ಹಾಕಿಸಿದಳು.

1850ರಲ್ಲಿ ಆಕೆ ಒಹಾಯೊ ಸಂಸ್ಥಾನದ ಕೊಲಂಬಸ್ ಬಳಿಯ ಯೂನಿಯನ್ ಸೆಮಿನರಿಯಲ್ಲಿ ಹೊಲಿಗೆ ಕಲಿಸುವ ಅಧ್ಯಾಪಿಕೆಯಾದಳು. ಆ ಸಂಸ್ಥೆಯಲ್ಲಿ ಹೆಣ್ಣೊಬ್ಬಳು ಪಾಠ ಹೇಳಿದ್ದು ಅದೇ ಮೊದಲು. ಅಲ್ಲಿಂದ ಪೆನ್ಸಿಲ್ವೇನಿಯದ ಒಂದು ಚಿಕ್ಕ ಊರಿನ ಶಾಲೆಗೆ ಹೋದಳು. ಆಕೆಯ ಬಾಳನ್ನು ತಿರುಗಿಸಿದ ಸುದ್ದಿ ಅಲ್ಲಿ ಆಕೆಯನ್ನು ತಲುಪಿತು. ಉತ್ತರದ ಸಂಸ್ಥಾನಗಳಿಂದ ಬರುವ ಸ್ವತಂತ್ರ ಕಪ್ಪು ಜನ ಮೇರಿಲ್ಯಾಂಡಿನೊಳಗೆ ಕಾಲಿಟ್ಟರೆ ಅವರನ್ನು ಹಿಡಿದು ದಾಸರನ್ನಾಗಿ ಮಾರಬಹುದೆಂಬ ಕಟ್ಟಳೆ ಆ ಸಂಸ್ಥಾನದಲ್ಲಿ ಜಾರಿಗೆ ಬಂದಿತ್ತು. ಅದನ್ನು ಮೀರಿ ಒಳಗೆ ಬಂದ ಒಬ್ಬನನ್ನು ಜಾರ್ಜಿಯಕ್ಕೆ ಮಾರಿದರು. ಅವನು ತಪ್ಪಿಸಿಕೊಂಡು ಓಡಿದನು, ಮತ್ತೆ ಸಿಕ್ಕಿಬಿದ್ದನು, ಕಷ್ಟವನ್ನು ತಾಳಲಾರದೆ ಸತ್ತನು. ಮೇರಿಲ್ಯಾಂಡ್ ಫ್ರಾನ್ಸಿಸಳ ತವರು. ಈಗ ಆಕೆಯೂ ಅಲ್ಲಿಗೆ ಮರಳುವಂತಿಲ್ಲ. ಹುಟ್ಟಿದ ಊರಿನ ಬಾಗಿಲು ಮುಚ್ಚಿತು. ಯಾರೆಂದೂ ತಿಳಿಯದ ಆ ಸತ್ತ ಮನುಷ್ಯನ ಸಮಾಧಿಯ ಮೇಲೆ ತಾನು ದಾಸ್ಯದ ವಿರುದ್ಧ ಹೋರಾಡುವ ಪಣ ತೊಟ್ಟೆನೆಂದು ಮುಂದೆ ಆಕೆ ಹೇಳಿಕೊಂಡಳು.

ಶಾಲೆಯನ್ನು ಬಿಟ್ಟು ಫಿಲಡೆಲ್ಫಿಯಕ್ಕೆ ಬಂದಳು. ಓಡಿಬಂದ ದಾಸರನ್ನು ಗುಟ್ಟಾಗಿ ಉತ್ತರಕ್ಕೆ ಸಾಗಿಸುವ 'ಭೂಗತ ರೈಲುಮಾರ್ಗ'ವೆಂಬ ಹೆಸರಿನ ಜಾಲ ಅಲ್ಲಿ ಕೆಲಸ ಮಾಡುತ್ತಿತ್ತು. ಅದರ ಮುಖಂಡ ವಿಲಿಯಂ ಸ್ಟಿಲ್ ಆಕೆಗೆ ಜೀವನಪರ್ಯಂತ ಮಿತ್ರನಾದನು. 1854ರಲ್ಲಿ ನ್ಯೂ ಬೆಡ್‌ಫರ್ಡಿನಲ್ಲಿ ಮೊದಲ ಉಪನ್ಯಾಸ ಕೊಟ್ಟಳು. ಮೇನ್ ಸಂಸ್ಥಾನದ ದಾಸ್ಯವಿರೋಧಿ ಸಂಘ ಆಕೆಯನ್ನು ಉಪನ್ಯಾಸಕಿಯಾಗಿ ನೇಮಿಸಿಕೊಂಡಿತು. ಅದೇ ವರ್ಷ ಪ್ರಕಟವಾದ ಕವನಸಂಗ್ರಹಕ್ಕೆ ದಾಸ್ಯವಿರೋಧಿ ಚಳವಳಿಯ ಅಗ್ರನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್ ಮುನ್ನುಡಿ ಬರೆದನು. ಹೆಂಗಸರು ಸಭೆಯಲ್ಲಿ ನಿಂತು ಮಾತನಾಡುವುದೇ ಅನುಚಿತವೆಂದು ಬಹುಮಂದಿ ತಿಳಿದಿದ್ದ ಕಾಲ ಅದು. ಊರಿಂದ ಊರಿಗೆ ಬಂಡಿಯಲ್ಲಿ, ರೈಲಿನಲ್ಲಿ ಒಂಟಿಯಾಗಿ ತಿರುಗುತ್ತ, ಮಾತಿನಿಂದಲೂ ಪುಸ್ತಕ ಮಾರಾಟದಿಂದಲೂ ಬಂದ ಹಣದಲ್ಲಿ ತಾನು ಬದುಕಿ, ಉಳಿದುದನ್ನು ಸ್ಟಿಲ್‌ನ ಕೆಲಸಕ್ಕೆ ಕಳುಹಿಸುತ್ತಿದ್ದಳು.

ಹೀಗೆ ತಿರುಗುತ್ತಿದ್ದ ಮೂವತ್ತಮೂರು ವರ್ಷದ ಅವಿವಾಹಿತೆಯೇ 'ಎರಡು ಪ್ರಸ್ತಾಪಗಳು' ಕಥೆಯನ್ನು ಬರೆದವಳು. ಅದು ಬಂದದ್ದು ಥಾಮಸ್ ಹ್ಯಾಮಿಲ್ಟನ್ ನ್ಯೂಯಾರ್ಕಿನಲ್ಲಿ ನಡೆಸುತ್ತಿದ್ದ 'ಆಂಗ್ಲೋ-ಆಫ್ರಿಕನ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ, 1859ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ. ಅಕ್ಟೋಬರ್ ತಿಂಗಳಲ್ಲಿಯೇ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಸೆರೆ ಸಿಕ್ಕಿದನು. ಫ್ರಾನ್ಸಿಸ್ ಸೆರೆಮನೆಯಲ್ಲಿದ್ದ ಬ್ರೌನನಿಗೆ ಪತ್ರ ಬರೆದಳು. ಡಿಸೆಂಬರ್ 2ರಂದು ಅವನನ್ನು ಗಲ್ಲಿಗೇರಿಸುವ ಮುಂಚಿನ ದಿನಗಳಲ್ಲಿ ಅವನ ಹೆಂಡತಿ ಮೇರಿಯ ಜೊತೆಗಿದ್ದು ಸಂತೈಸಿದಳು. ಇಂಥವಳನ್ನು ಅಂಜಿದವಳೆಂದು ನಾನು ಹೇಗೆ ತಿಳಿದೆನೋ ಕಾಣೆ.

ಮರುವರ್ಷ, 1860ರಲ್ಲಿ, ಆಕೆಗೇ ಮದುವೆಯಾಯಿತು. ವರ ಫೆಂಟನ್ ಹಾರ್ಪರ್, ಮೂವರು ಮಕ್ಕಳಿದ್ದ ವಿಧುರ. ಉಪನ್ಯಾಸಗಳಿಂದಲೂ ಪುಸ್ತಕಗಳಿಂದಲೂ ಫ್ರಾನ್ಸಿಸ್ ಕೂಡಿಟ್ಟಿದ್ದ ಹಣವನ್ನು ಹಾಕಿ ಕೊಲಂಬಸ್ ಬಳಿ ಒಂದು ಸಣ್ಣ ಜಮೀನನ್ನು ಕೊಂಡರು. ವೇದಿಕೆಯ ಮೇಲೆ ಸಾವಿರಾರು ಜನರನ್ನು ಕರಗಿಸುತ್ತಿದ್ದವಳು ಹಸು ಸಾಕಿ, ಬೆಣ್ಣೆ ಕಡೆದು ಪೇಟೆಗೆ ಮಾರತೊಡಗಿದಳು. ಮೇರಿ ಎಂಬ ಮಗಳು ಹುಟ್ಟಿದಳು. 1864ರ ಮೇ ತಿಂಗಳಲ್ಲಿ ಗಂಡ ಹಠಾತ್ತಾಗಿ ತೀರಿಕೊಂಡನು. ಅವನ ಮೇಲೆ ಸಾಲವಿತ್ತು.

ಮುಂದೆ ನಡೆದದ್ದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗಂಡನನ್ನು ಮಣ್ಣು ಮಾಡಿ ಮೂರು ತಿಂಗಳೂ ತುಂಬಿರಲಿಲ್ಲ. ಆಸ್ತಿಯ ವಿಲೇವಾರಿಗೆಂದು ನೇಮಕವಾದ ಅಧಿಕಾರಿ ಬಂದು, ಆಕೆಯ ಕೈಯಲ್ಲಿದ್ದ ಹಾಲಿನ ಗಡಿಗೆಗಳನ್ನೂ ಬಟ್ಟೆ ಒಗೆಯುವ ತೊಟ್ಟಿಗಳನ್ನೂ ಸಹ ಸಾಲಕ್ಕೆಂದು ಎತ್ತಿಕೊಂಡು ಹೋದನು. ಗಡಿಗೆಯಿಲ್ಲದೆ ಬೆಣ್ಣೆಯಿಲ್ಲ, ಬೆಣ್ಣೆಯಿಲ್ಲದೆ ನಾಲ್ಕು ಮಕ್ಕಳ ಹೊಟ್ಟೆಗಿಲ್ಲ. ದುಡಿದವಳು ಆಕೆ, ಕೂಡಿಟ್ಟವಳು ಆಕೆ. ಆದರೆ ಲೆಕ್ಕದಲ್ಲಿ ಎಲ್ಲವೂ ಗಂಡನ ಸೊತ್ತು, ಎಲ್ಲವೂ ಗಂಡನ ಸಾಲಕ್ಕೆ ಜಮಾ. ಆಕೆಗೆಂದು ಉಳಿದದ್ದು ಒಂದು ಕನ್ನಡಿ. ಗಂಡನ ಬದಲು ತಾನು ಸತ್ತಿದ್ದರೆ ಯಾವ ಅಧಿಕಾರಿಯೂ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ, ಅವನು ಇನ್ನೊಬ್ಬಳನ್ನು ಮದುವೆಯಾಗಿ ಹಸುಗಳೊಡನೆ ಸುಖವಾಗಿರುತ್ತಿದ್ದನು ಎಂದು ಆಕೆ ಲೆಕ್ಕ ಹಾಕಿದಳು. ಐದು ವರ್ಷಗಳ ಹಿಂದೆ ಜೆನೆಟಳ ತಾಯಿಗೆ ಆದ ಗತಿಯೆಂದು ಕಥೆಯಲ್ಲಿ ನಾಲ್ಕು ಮಾತಿನಲ್ಲಿ ಹೇಳಿದ್ದು ಕಥೆಗಾರ್ತಿಯ ಮನೆಯ ಅಂಗಳದಲ್ಲಿಯೇ ನಡೆದುಹೋಯಿತು. ನಾನು ಸಣ್ಣದೆಂದು ತಿಳಿದಿದ್ದ ಮಾತು ಇದು.

ಆಕೆ ಮಗಳನ್ನು ಕರೆದುಕೊಂಡು ಮತ್ತೆ ಪೂರ್ವದ ಸಂಸ್ಥಾನಗಳಿಗೆ ಬಂದಳು. ಮತ್ತೆ ವೇದಿಕೆಯನ್ನು ಹತ್ತಿದಳು. ಅಂತರ್ಯುದ್ಧ ಮುಗಿದಿತ್ತು, 1865ರ ಕೊನೆಗೆ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ದಾಸ್ಯ ಕಾನೂನುಬಾಹಿರವಾಗಿತ್ತು. 1866ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಹಕ್ಕುಗಳ ಸಮ್ಮೇಳನ ಸೇರಿತು. ಎಲಿಜಬೆತ್ ಕೇಡಿ ಸ್ಟಾಂಟನ್, ಸೂಸನ್ ಬಿ. ಆಂಥನಿ ಮೊದಲಾದ ಬಿಳಿಯ ನಾಯಕಿಯರು ಕುಳಿತಿದ್ದ ಆ ಸಭೆಯಲ್ಲಿ ಹಾರ್ಪರ್ ಎದ್ದು ನಿಂತು ಮೊದಲು ತನ್ನ ಹಾಲಿನ ಗಡಿಗೆಗಳ ಕಥೆಯನ್ನು ಹೇಳಿದಳು. ಹೆಣ್ಣಾದ ಕಾರಣಕ್ಕೆ ತಾನುಂಡ ಅನ್ಯಾಯ ಅದು. ಸಭೆ ತಲೆದೂಗಿರಬೇಕು. ಆದರೆ ಆಕೆ ಅಲ್ಲಿಗೆ ನಿಲ್ಲಿಸಲಿಲ್ಲ. ಫಿಲಡೆಲ್ಫಿಯದ ಕುದುರೆ ಟ್ರಾಮಿನಲ್ಲಿ ತನ್ನನ್ನು ಒಳಗೆ ಕೂರಗೊಡದ ಸಂಗತಿಯನ್ನು ತೆಗೆದಳು. ನೂರಾರು ಮೈಲಿ ನಡೆದು ದಾಸರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್‌ಳನ್ನು ರೈಲಿನ ನೌಕರನೊಬ್ಬ ಹೊರದಬ್ಬಿದುದನ್ನೂ, ಅವಳ ಕೈಗಳು ಇನ್ನೂ ಊದಿಕೊಂಡಿರುವುದನ್ನೂ ಹೇಳಿದಳು. ಮತದ ಹಕ್ಕು ಬಂದ ಮಾತ್ರಕ್ಕೆ ಬಿಳಿಯ ಹೆಂಗಸರೆಲ್ಲ ಪವಿತ್ರಾತ್ಮರಾಗಿಬಿಡುವರೆಂದು ತಾನು ನಂಬಲಾರೆ. ಗಂಡಸರಂತೆ ಅವರಲ್ಲಿಯೂ ಒಳ್ಳೆಯವರು, ಕೆಟ್ಟವರು, ಯಾವುದಕ್ಕೂ ಸೇರದವರು ಇದ್ದಾರೆ ಎಂದಳು. ನೀವು ಹಕ್ಕಿನ ಮಾತನಾಡುತ್ತೀರಿ, ನಾನು ಅನ್ಯಾಯದ ಮಾತನಾಡುತ್ತೇನೆ ಎಂಬುದು ಆಕೆಯ ಭಾಷಣದ ತಿರುಳು. ಮನುಷ್ಯಕುಲವೆಲ್ಲ ಒಂದೇ ಕಟ್ಟು. ಅದರಲ್ಲಿ ಅತ್ಯಂತ ದುರ್ಬಲನಾದವನನ್ನು ತುಳಿದರೆ ತುಳಿದವನ ಆತ್ಮವೂ ಕುಗ್ಗುತ್ತದೆಯೆಂದು ಆ ನಾಯಕಿಯರಿಗೆ ನೆನಪು ಮಾಡಿಕೊಟ್ಟಳು.

ಮೂರು ವರ್ಷಗಳ ಮೇಲೆ, 1869ರಲ್ಲಿ, ಆಕೆಯ ಮುಂದೆಯೂ ಎರಡು ಪ್ರಸ್ತಾಪಗಳು ಬಂದು ನಿಂತವು. ಹದಿನೈದನೆಯ ತಿದ್ದುಪಡಿ ಕಪ್ಪು ಗಂಡಸರಿಗೆ ಮತದ ಹಕ್ಕನ್ನು ಕೊಡಲಿತ್ತು. ಹೆಂಗಸರಿಗೆ, ಯಾವ ಬಣ್ಣದವರಿಗೂ, ಕೊಡಲಿಲ್ಲ. ಸ್ಟಾಂಟನ್ ಮತ್ತು ಆಂಥನಿ ಅದನ್ನು ವಿರೋಧಿಸಿದರು; ಓದುಬರಹವಿಲ್ಲದ ಕರಿಯನಿಗೆ ಹಕ್ಕು ಕೊಟ್ಟು ವಿದ್ಯಾವತಿಯರಾದ ತಮಗೆ ಇಲ್ಲವೆಂದರೆ ಹೇಗೆ ಎಂದು ಸ್ಟಾಂಟನ್ ಅವಮಾನಕರವಾದ ಮಾತುಗಳನ್ನೂ ಆಡಿದಳು. ಡಗ್ಲಾಸ್ ತಿದ್ದುಪಡಿಯ ಪರವಾಗಿ ನಿಂತನು. ಹೆಣ್ಣೆಂದು ಬಿಳಿಯ ಅಕ್ಕಂದಿರ ಕಡೆಗೆ ಹೋಗು ಎಂಬುದು ಒಂದು ಕರೆ. ಕಪ್ಪು ಜನಾಂಗದವಳೆಂದು ಗಂಡಸರ ಕಡೆಗೆ ನಿಲ್ಲು ಎಂಬುದು ಇನ್ನೊಂದು. ಲಾರಾಳಂತೆ ಕಾಗದ ಹಿಡಿದು ಕುಳಿತಿರಲು ಆಕೆಗೆ ಬಿಡುವಿರಲಿಲ್ಲ. ಜನಾಂಗದ ಪ್ರಶ್ನೆ ಎದ್ದಾಗ ಲಿಂಗದ ಪ್ರಶ್ನೆಯನ್ನು ತಾನು ಹಿಂದಕ್ಕೆ ಬಿಡುತ್ತೇನೆ ಎಂದು ಸಭೆಯಲ್ಲಿ ಸ್ಪಷ್ಟವಾಗಿ ನುಡಿದು ಡಗ್ಲಾಸನ ಪಕ್ಷಕ್ಕೆ ಸೇರಿದಳು. ಬಿಳಿಯ ಹೆಂಗಸರು ಲಿಂಗವನ್ನೇ ಹಿಡಿದು ಜನಾಂಗವನ್ನು ಮೂಲೆಗೆ ತಳ್ಳುತ್ತಾರೆಂದೂ ಹೇಳಿದಳು. ಚಳವಳಿ ಇಬ್ಭಾಗವಾಯಿತು. ತಿದ್ದುಪಡಿಯನ್ನು ಒಪ್ಪಿದ ಲೂಸಿ ಸ್ಟೋನ್ ಮುಂತಾದವರ ಸಂಘಕ್ಕೆ ಹಾರ್ಪರ್ ಸೇರಿದಳು.

ವೇದಿಕೆಯ ಮೇಲೆ ಹೀಗೆ ಒಂದನ್ನು ಬಿಟ್ಟುಕೊಟ್ಟವಳು ಕಥೆಯಲ್ಲಿ ಅದನ್ನು ಬಿಟ್ಟುಕೊಟ್ಟಳೆ? ಅದೇ 1869ರಲ್ಲಿ 'ಕ್ರಿಶ್ಚಿಯನ್ ರೆಕಾರ್ಡರ್' ಎಂಬ ಕಪ್ಪು ಜನರ ಚರ್ಚಿನ ಪತ್ರಿಕೆಯಲ್ಲಿ ಆಕೆಯ 'ಮಿನಿಯ ತ್ಯಾಗ' ಎಂಬ ಕಾದಂಬರಿ ಕಂತುಕಂತಾಗಿ ಬರುತ್ತಿತ್ತು. ಅದರಲ್ಲಿ ಗಂಡಹೆಂಡಿರ ನಡುವೆ ಒಂದು ಚರ್ಚೆ ನಡೆಯುತ್ತದೆ. ಇದು ಕಪ್ಪು ಗಂಡಸಿನ ಕಾಲ, ಹೆಂಗಸರು ಸ್ವಲ್ಪ ಕಾಯಲಿ ಎಂಬ ಧಾಟಿಯಲ್ಲಿ ಗಂಡ ಮಾತನಾಡುತ್ತಾನೆ. ಕಪ್ಪು ಹೆಂಗಸಿನ ಕಾಲವೂ ಇದೇ ಅಲ್ಲವೆ, ಅವಳಿಗೂ ಅಷ್ಟೇ ಹಕ್ಕುಬಾಧ್ಯತೆಗಳಿಲ್ಲವೆ ಎಂದು ಮಿನಿ ತಿರುಗಿ ಕೇಳುತ್ತಾಳೆ. ಸಭೆಯಲ್ಲಿ ರಾಜಕೀಯದ ಇಕ್ಕಟ್ಟಿಗೆ ಸಿಕ್ಕಿ ಹೇಳಲಾರದೆ ಹೋದುದನ್ನು ತನ್ನ ಪಾತ್ರದ ಬಾಯಲ್ಲಿ ಹೇಳಿಸಿದಳು. ಕಥೆಯೆಂಬುದು ಆಕೆಗೆ ಬಿಡುವಿನ ವಿನೋದವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ. ಎರಡು ನ್ಯಾಯಗಳು ಪರಸ್ಪರ ಎದುರಾದಾಗ, ಸೋತ ನ್ಯಾಯದ ಧ್ವನಿಯನ್ನು ಆಕೆ ಅಲ್ಲಿ ಕಾಪಿಟ್ಟಳು.

1867ರಿಂದ 1871ರವರೆಗೆ ಆಕೆ ದಕ್ಷಿಣದ ಸಂಸ್ಥಾನಗಳಲ್ಲಿ ಸಂಚರಿಸಿದಳು. ಹೊಸದಾಗಿ ಬಿಡುಗಡೆ ಹೊಂದಿದ ಜನರ ಗುಡಿಸಲುಗಳಲ್ಲಿ ತಂಗಿ, ಚರ್ಚುಗಳಲ್ಲಿಯೂ ಶಾಲೆಗಳಲ್ಲಿಯೂ ಮಾತನಾಡಿದಳು. ಹೆಂಗಸರಿಗಾಗಿಯೇ ಬೇರೆ ಸಭೆಗಳನ್ನು ಸೇರಿಸಿ ಕಾಸು ಪಡೆಯದೆ ಉಪನ್ಯಾಸ ಕೊಟ್ಟಳು. ದಾಸ್ಯದ ಚಾವಟಿಯಿಂದ ಬಿಡುಗಡೆಯಾದ ಗಂಡಸರಲ್ಲಿ ಕೆಲವರು ಹೆಂಡಿರ ಮೇಲೆ ಕೈಮಾಡುತ್ತಿದ್ದರು. ಅದರ ವಿರುದ್ಧವೂ ಬೋಧಿಸಿದಳು. ಜನಾಂಗಕ್ಕಾಗಿ ಲಿಂಗದ ಪ್ರಶ್ನೆಯನ್ನು ಹಿಂದಕ್ಕೆ ಬಿಟ್ಟೆನೆಂದವಳು ತನ್ನ ಜನಾಂಗದ ಗಂಡಸರಿಗೆ ವಿನಾಯಿತಿ ಕೊಡಲಿಲ್ಲ. ಆಕೆಯ ವಾಗ್ಮಿತೆಯನ್ನು ಕೇಳಿದ ಬಿಳಿಯರಲ್ಲಿ ಕೆಲವರು ಇವಳು ಹೆಂಗಸಲ್ಲ, ವೇಷ ಹಾಕಿದ ಗಂಡಸು ಎಂದರಂತೆ. ಮತ್ತೆ ಕೆಲವರು ಇವಳು ಕರಿಯಳಲ್ಲ, ಬಣ್ಣ ಬಳಿದುಕೊಂಡಿದ್ದಾಳೆ ಎಂದರಂತೆ. ಇದನ್ನು ಆಕೆ ಸ್ಟಿಲ್‌ಗೆ ನಗೆಯ ಮಾತಾಗಿ ಬರೆದಳು. ಬುದ್ಧಿವಂತಿಕೆಯ ಮಾತು ಬಂದರೆ ಅದು ಗಂಡಿನದೋ ಬಿಳಿಯರದೋ ಆಗಿರಲೇಬೇಕೆಂಬ ಆ ಎರಡು ನಂಬಿಕೆಗಳ ನಡುವೆ ಆಕೆ ನಿಂತಿದ್ದ ಜಾಗ ಎಷ್ಟು ಕಿರಿದು!

ಆ ಸಂಚಾರದ ಫಲವಾಗಿ 1872ರಲ್ಲಿ 'ದಕ್ಷಿಣದ ಬಾಳಿನ ಚಿತ್ರಗಳು' ಎಂಬ ಕಾವ್ಯ ಬಂದಿತು. ಅರವತ್ತು ಸಮೀಪಿಸುವ ವಯಸ್ಸಿನಲ್ಲಿ ಓದಲು ಕಲಿತ ಕ್ಲೋಯಿ ಎಂಬ ಮುದುಕಿ ಅದರಲ್ಲಿ ತನ್ನ ಕಥೆಯನ್ನು ಆಡುಮಾತಿನ ಸರಳತೆಯಲ್ಲಿ ಹೇಳಿಕೊಳ್ಳುತ್ತಾಳೆ. ಮತವನ್ನು ಮಾರಿಕೊಂಡು ಬಂದ ಗಂಡಂದಿರನ್ನು ಆ ಊರಿನ ಹೆಂಗಸರು ತರಾಟೆಗೆ ತೆಗೆದುಕೊಳ್ಳುವ ಸಂದರ್ಭವೂ ಅಲ್ಲಿದೆ. ಮತವಿಲ್ಲದ ಹೆಂಗಸರು ಮತವಿರುವ ಗಂಡಸರಿಗೆ ಮತದ ಬೆಲೆಯನ್ನು ಕಲಿಸುತ್ತಾರೆ.

ಫಿಲಡೆಲ್ಫಿಯದಲ್ಲಿ ನೆಲೆಸಿದ ಮೇಲೆ ಆಕೆ ಪಾನನಿರೋಧದ ಕೆಲಸಕ್ಕೂ ತೊಡಗಿದಳು. ಲಾರಾಳ ಗಂಡನ ಕುಡಿತವನ್ನು ಕಥೆಯಲ್ಲಿ ಬರೆದವಳಿಗೆ ಅದು ಹೊಸ ವಿಷಯವಾಗಿರಲಿಲ್ಲ. ಮಹಿಳಾ ಕ್ರೈಸ್ತ ಪಾನನಿರೋಧ ಸಂಘದಲ್ಲಿ ಕಪ್ಪು ಜನರ ನಡುವಿನ ಕಾರ್ಯದ ರಾಷ್ಟ್ರೀಯ ಮೇಲ್ವಿಚಾರಕಿಯಾಗಿ 1880ರ ದಶಕದಲ್ಲಿ ದುಡಿದಳು; ಆ ಸಂಘದ ಬಿಳಿಯ ಸದಸ್ಯೆಯರ ತಾರತಮ್ಯವನ್ನು ನುಂಗಿಕೊಂಡೇ ಕೆಲಸ ಮಾಡಬೇಕಾಯಿತು.

1892ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಆಕೆಯ ಅತ್ಯಂತ ಪ್ರಸಿದ್ಧ ಕಾದಂಬರಿ 'ಅಯೋಲಾ ಲೆರಾಯ್' ಹೊರಬಂದಿತು. ಸ್ಟಿಲ್ ಅದಕ್ಕೆ ಮುನ್ನುಡಿ ಬರೆದನು. ಅಯೋಲಾಳ ತಂದೆ ಬಿಳಿಯ ಜಮೀನುದಾರ. ತಾಯಿ ಅವನು ಬಿಡುಗಡೆ ಮಾಡಿ ಮದುವೆಯಾದ ದಾಸಿ. ಮಗಳು ತಾನು ಬಿಳಿಯಳೆಂದೇ ತಿಳಿದು ಬೆಳೆಯುತ್ತಾಳೆ. ತಂದೆ ಸತ್ತ ಕೂಡಲೆ ದಾಯಾದಿ ಬಂದು ಮದುವೆಯನ್ನೇ ಅಸಿಂಧುವೆನ್ನಿಸಿ ತಾಯಿಮಕ್ಕಳನ್ನು ದಾಸ್ಯಕ್ಕೆ ತಳ್ಳುತ್ತಾನೆ. ಮತ್ತೆ ಅದೇ ವಿಧವೆ, ಅದೇ ಕಾನೂನು, ಅದೇ ಜಪ್ತಿ. ಈ ಸಲ ಜಪ್ತಿಯಾಗುವುದು ಪಾತ್ರೆಪದಾರ್ಥಗಳಲ್ಲ, ಮೈಗಳು. ಯುದ್ಧಕಾಲದ ಆಸ್ಪತ್ರೆಯಲ್ಲಿ ದಾದಿಯಾದ ಅಯೋಲಾಳನ್ನು ಗ್ರೆಶಂ ಎಂಬ ಬಿಳಿಯ ವೈದ್ಯ ಪ್ರೀತಿಸಿ ಮದುವೆಗೆ ಕೇಳುತ್ತಾನೆ. ಒಳ್ಳೆಯವನೇ; ಆದರೆ ಅವನನ್ನು ಒಪ್ಪಿದರೆ ಆಕೆ ತನ್ನ ಜನಾಂಗವನ್ನು ಮರೆಮಾಚಿ ಬದುಕಬೇಕು. ಆಕೆ ನಿರಾಕರಿಸುತ್ತಾಳೆ. ಮುಂದೆ ತನ್ನಂತೆಯೇ ಬಿಳಿಯನೆನ್ನಿಸಿಕೊಳ್ಳಲು ಅವಕಾಶವಿದ್ದೂ ಒಲ್ಲೆನೆಂದ ಡಾಕ್ಟರ್ ಲ್ಯಾಟಿಮರನನ್ನು ವರಿಸುತ್ತಾಳೆ. ಪುನಃ ಎರಡು ಪ್ರಸ್ತಾಪಗಳು! ಆದರೆ ಈ ನಾಯಕಿಗೆ ಕಾಗದ ಹಿಡಿದು ಕುಳಿತಿರುವ ಗೊಂದಲವಿಲ್ಲ. ಮೂವತ್ತಮೂರು ವರ್ಷಗಳಲ್ಲಿ ಲೇಖಕಿ ಅಷ್ಟು ದೂರ ನಡೆದಿದ್ದಳು. 'ಅಯೋಲಾ' ಎಂಬುದು ಪತ್ರಕರ್ತೆ ಐಡಾ ಬಿ. ವೆಲ್ಸಳ ಲೇಖನನಾಮವೂ ಆಗಿತ್ತು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ಖಂಡಿಸಿದುದಕ್ಕಾಗಿ ಮೆಂಫಿಸ್ ನಗರದಲ್ಲಿ ಆಕೆಯ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿದ್ದು ಅದೇ 1892ರಲ್ಲಿ.

1893ರಲ್ಲಿ ಷಿಕಾಗೋ ನಗರದ ಜಾಗತಿಕ ಮಹಿಳಾ ಸಮ್ಮೇಳನದಲ್ಲಿ ಮಾತನಾಡಿದ ಕೆಲವೇ ಕಪ್ಪು ಮಹಿಳೆಯರಲ್ಲಿ ಹಾರ್ಪರಳೂ ಒಬ್ಬಳು. 1896ರಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘವನ್ನು ಕಟ್ಟಿದವರಲ್ಲಿಯೂ ಒಬ್ಬಳು. ಹೆಣ್ಣಾಗಿ ಬಾ ಅಥವಾ ಕಪ್ಪು ಜನಾಂಗದವಳಾಗಿ ಬಾ ಎಂದು ಬಾಗಿಲಲ್ಲಿ ಆಕೆಯನ್ನು ಸೀಳಿ ಒಳಗೆ ಬಿಡುತ್ತಿದ್ದ ಸಂಘಗಳ ನಡುವೆ, ಇಡಿಯಾಗಿ ಹೋಗಿ ಕೂರಬಹುದಾದ ಒಂದು ಮನೆಯನ್ನು ಎಪ್ಪತ್ತರ ಹರೆಯದಲ್ಲಿ ಕಟ್ಟಿಕೊಂಡಳು. ಮಗಳು ಮೇರಿ ತಾಯಿಗಿಂತ ಮೊದಲೇ ತೀರಿಕೊಂಡಳು. 1911ರ ಫೆಬ್ರವರಿ 22ರಂದು ಫಿಲಡೆಲ್ಫಿಯದಲ್ಲಿ ಫ್ರಾನ್ಸಿಸ್ ಹಾರ್ಪರ್ ಕಣ್ಣು ಮುಚ್ಚಿದಳು. ಅಮೆರಿಕದ ಹೆಂಗಸರಿಗೆ ಸಂವಿಧಾನ ಮತದ ಹಕ್ಕನ್ನು ಕೊಟ್ಟದ್ದು 1920ರಲ್ಲಿ; ದಕ್ಷಿಣದ ಕಪ್ಪು ಹೆಂಗಸರಿಗೆ ಅದು ನಿಜವಾಗಿ ಕೈಗೆ ಸಿಕ್ಕಿದ್ದು 1965ರ ಮತಹಕ್ಕು ಕಾಯಿದೆಯ ನಂತರ.

ಸತ್ತ ಮೇಲೆ ಆಕೆಯ ಕೀರ್ತಿ ಬೇಗ ಮಸುಳಿತು. ಮಹಾ ಲೇಖಕಿಯಲ್ಲ, ಆದರೆ ಓದತಕ್ಕದ್ದನ್ನು ಬಹಳವಾಗಿ ಬರೆದಳು ಎಂಬ ಅಭಿಪ್ರಾಯವನ್ನು 1911ರಲ್ಲಿಯೇ ಡಬ್ಲ್ಯು.ಇ.ಬಿ. ಡುಬಾಯ್ಸ್ ವ್ಯಕ್ತಪಡಿಸಿದ್ದನು. ಆಕೆಯ ಗದ್ಯದಲ್ಲಿ ಬೋಧೆ ಹೆಚ್ಚು, ಪಾತ್ರಗಳು ಕೆಲವೊಮ್ಮೆ ಉಪನ್ಯಾಸ ಮಾಡುತ್ತವೆ ಎಂಬುದು ದಿಟ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಓದದೆಯೇ ತೀರ್ಪು ಕೊಟ್ಟವರೂ ಇದ್ದರು. 'ಮಿನಿಯ ತ್ಯಾಗ' ಸೇರಿದಂತೆ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಹುದುಗಿದ್ದ ಮೂರು ಕಾದಂಬರಿಗಳನ್ನು ಫ್ರಾನ್ಸಿಸ್ ಸ್ಮಿತ್ ಫಾಸ್ಟರ್ ಎಂಬ ವಿದುಷಿ ಸಂಪಾದಿಸಿ ಪುಸ್ತಕವಾಗಿ ತಂದದ್ದು 1994ರಲ್ಲಿ. ಎಲ್ಲಿಯೂ ಉಳಿದಿಲ್ಲವೆಂದು ಕೈಬಿಟ್ಟಿದ್ದ 'ಕಾಡಿನ ಎಲೆಗಳು' ಬಾಲ್ಟಿಮೋರಿನ ಒಂದು ಸಂಗ್ರಹಾಲಯದಲ್ಲಿ ಸಿಕ್ಕಿ ಮತ್ತೆ ಬೆಳಕಿಗೆ ಬಂದದ್ದು 2015ರಲ್ಲಿ. ಆಕೆಗೆ ಬಾಗಿಲು ಮುಚ್ಚಿದ್ದ ತವರೂರೇ ಆಕೆಯ ಮೊದಲ ಪುಸ್ತಕವನ್ನು ಒಂದೂವರೆ ಶತಮಾನ ಮಡಿಲಲ್ಲಿಟ್ಟುಕೊಂಡಿತ್ತು.

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆ. ಲಾರಾ, ಜೆನೆಟರ ಮೈಬಣ್ಣವನ್ನು ಹಾರ್ಪರ್ ಏಕೆ ಹೇಳಲಿಲ್ಲ? ನನಗೆ ಈಗ ತೋರುವುದು ಇಷ್ಟು. ಆ ಪತ್ರಿಕೆಯನ್ನು ಓದುತ್ತಿದ್ದವರು ಮುಖ್ಯವಾಗಿ ಆಕೆಯ ಜನವೇ. ಮನೆಯವರ ನಡುವೆ ಮಾತನಾಡುವಾಗ ನಮ್ಮ ಬಣ್ಣ ಇಂಥದು ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಹೊರಗಿನ ಬಿಳಿಯನ ಕಣ್ಣಿಗೆ ಮಾತ್ರ ಅವರು ಮೊದಲು ಕರಿಯರು, ಆಮೇಲೆ ಮನುಷ್ಯರು. ಆ ಕಣ್ಣನ್ನು ಸ್ವಲ್ಪ ಹೊತ್ತು ಬಾಗಿಲಾಚೆ ನಿಲ್ಲಿಸಿ, ನಮ್ಮ ಹೆಣ್ಣುಮಕ್ಕಳು ಹೇಗೆ ಬಾಳಬೇಕು, ಸ್ವತಂತ್ರರಾದ ನಮ್ಮ ಮನೆಗಳ ಒಳಗೆ ಯಾವ ದಾಸ್ಯ ಉಳಿದಿದೆ ಎಂಬ ಮಾತನ್ನು ಆಕೆ ಎತ್ತಿದಳು. ಜನಾಂಗದ ನೋವು ದೊಡ್ಡದು, ಆದ್ದರಿಂದ ಮನೆಯ ಮಾತು ಈಗ ಬೇಡ ಎನ್ನುವವರಿಗೆ ಕೊಟ್ಟ ಮೊದಲ ಉತ್ತರ ಆ ಕಥೆ.

ಮುಂದಿನ ಪಾಠದ ದಿನ ತರಗತಿಗೆ ಹೋದಾಗ ಆ ಹುಡುಗಿ ಅದೇ ಹಿಂದಿನ ಬೆಂಚಿನಲ್ಲಿದ್ದಳು. ನಾನು ಕಥೆಯ ವಿಚಾರವನ್ನು ಎತ್ತದೆ, ಹಾಲಿನ ಗಡಿಗೆಗಳನ್ನು ಜಪ್ತಿ ಮಾಡಿಕೊಂಡು ಹೋದ ಸಂಗತಿಯಿಂದ ಆರಂಭಿಸಿದೆ. ತರಗತಿ ನಿಶ್ಶಬ್ದವಾಯಿತು. ಮುಗಿಸಿದ ಮೇಲೆ ಆಕೆ ತನ್ನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕಥೆಯ ಪ್ರತಿ ಬೇಕೆಂದು ಕೇಳಿ ಪಡೆದುಕೊಂಡು ಹೋದಳು.